ಮೂರು ವರ್ಷದೊಳಗಿನ ಮಕ್ಕಳ ತಂದೆತಾಯಿಗೂ ಅಂಗನವಾಡಿಯಲ್ಲಿ ಒಂದು ಜಾಗ ಕೊಡಿ

ಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಶಿವಮೊಗ್ಗ
ಹಾಗೂ
ಉಪನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಶಿವಮೊಗ್ಗ

ಮಾನ್ಯರೆ,

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವಳು. ಐದು ವರ್ಷದ ಮಗಳು, ಎರಡು ವರ್ಷದ ಮಗ ಇದ್ದಾರೆ. ನಮ್ಮೂರ ಅಂಗನವಾಡಿಯ ಬಾಲವಿಕಾಸ ಸಮಿತಿಗೆ ಅಧ್ಯಕ್ಷೆ. ಮನೆಯಲ್ಲಿ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಒಂದೇ ಒಂದು ಕೋರಿಕೆ ಇಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಮೂರು ವರ್ಷದೊಳಗಿನ ಮಕ್ಕಳನ್ನು ಸಾಕುತ್ತಿರುವ ತಂದೆತಾಯಿಗಳನ್ನು ಹದಿನೈದು ದಿನಕ್ಕೊಮ್ಮೆ ಅಂಗನವಾಡಿಗೆ ಕರೆಯಿರಿ. ಮಗುವನ್ನೂ ಜೊತೆಗೇ ಕರೆಯಿರಿ. ಮಗುವಿನ ಹತ್ತಿರ ಹೇಗೆ ಮಾತಾಡಬೇಕು, ಏನು ಆಡಿಸಬೇಕು, ಹಟ ಹಿಡಿದರೆ ಏನು ಮಾಡಬೇಕು, ಇದನ್ನೆಲ್ಲ ಅಲ್ಲೇ ಕೂತು ಮಾಡಿಸಿ ತೋರಿಸಿ. ಭಾಷಣ ಬೇಡ.

ಇದು ಹೊಸ ಬೇಡಿಕೆ ಏನಲ್ಲ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ನಮ್ಮ ರಾಜ್ಯದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅವತ್ತು ಹೇಳಿದ ಆರು ಸೇವೆಗಳಲ್ಲಿ ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆಗಳ ಜೊತೆಗೆ ತಾಯಂದಿರಿಗೆ ಪೌಷ್ಟಿಕತೆ ಮತ್ತು ಆರೋಗ್ಯದ ಶಿಕ್ಷಣವೂ ಇತ್ತು. ಐವತ್ತು ವರ್ಷ ಕಳೆದಿದೆ. ಉಳಿದ ಸೇವೆಗಳು ನಮಗೆ ಕಣ್ಣಿಗೆ ಕಾಣುತ್ತವೆ. ತಾಯಂದಿರ ಶಿಕ್ಷಣ ಮಾತ್ರ ಹೆಚ್ಚಿನ ಕಡೆ ರಿಜಿಸ್ಟರಿನ ಒಂದು ಸಾಲಾಗಿ ಉಳಿದಿದೆ. ಮಗುವಿಗೆ ಮೂರು ತುಂಬುವ ತನಕ ನಮ್ಮ ಮನೆಗೂ ಅಂಗನವಾಡಿಗೂ ಇರುವ ನಂಟು ಅಂದರೆ ಪುಷ್ಟಿ ಎಂಬ ಪೌಷ್ಟಿಕ ಆಹಾರದ ಪ್ಯಾಕೆಟ್, ತೂಕ, ಚುಚ್ಚುಮದ್ದು. ಅದೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವುದು ಅದೇ ಮೂರು ವರ್ಷಗಳಲ್ಲಿ. ಆರು ವರ್ಷ ತುಂಬುವುದರೊಳಗೆ ಮಿದುಳಿನ ಬೆಳವಣಿಗೆಯ ಶೇಕಡಾ 85ಕ್ಕೂ ಹೆಚ್ಚು ಆಗಿಹೋಗಿರುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಆ ಹೊತ್ತಿನಲ್ಲಿ ಮಗುವಿನ ಹತ್ತಿರ ಇರುವವರು ತಾಯಿ, ತಂದೆ, ಅಜ್ಜಿ. ಅವರಿಗೆ ಏನಾದರೂ ಹೇಳಿಕೊಡುವವರು ಯಾರೂ ಇಲ್ಲ.

"ತಾಯ್ತನ ಯಾರಾದರೂ ಹೇಳಿಕೊಡೋದಾ? ನಮ್ಮಮ್ಮ ಯಾವ ಕ್ಲಾಸಿಗೆ ಹೋಗಿದ್ದಳು?" ಎಂದು ಕೇಳುವವರಿದ್ದಾರೆ. ನಮ್ಮ ಮನೆಯಲ್ಲೂ ಕೇಳಿದರು. ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ನಮ್ಮ ಕಡೆ ಊರು ಅಂದರೆ ಸಾಲುಮನೆಗಳ ಬೀದಿಯಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗದ್ದೆ ದಾಟಬೇಕು, ಹಳ್ಳದ ಕಾಲುಸಂಕ ದಾಟಬೇಕು. ಮೊದಲು ಒಂದೊಂದು ಮನೆಯಲ್ಲೂ ಹತ್ತು ಹದಿನೈದು ಜನ ಇರುತ್ತಿದ್ದರು. ಕೂಸು ಒಬ್ಬರ ಕಂಕುಳಿಂದ ಇನ್ನೊಬ್ಬರ ಕಂಕುಳಿಗೆ ಹೋಗುತ್ತಲೇ ಬೆಳೆಯುತ್ತಿತ್ತು. ದೊಡ್ಡಪ್ಪನ ಮಕ್ಕಳು ಆಡಿಸುತ್ತಿದ್ದರು, ಅತ್ತಿಗೆ ಉಣ್ಣಿಸುತ್ತಿದ್ದಳು, ಅಜ್ಜಿ ಮಲಗಿಸುತ್ತಿದ್ದಳು. ಹೊಸ ತಾಯಿ ನಾಲ್ಕು ಜನರನ್ನು ನೋಡಿ ಕಲಿಯುತ್ತಿದ್ದಳು. ನಮ್ಮಮ್ಮನ ಕ್ಲಾಸು ಅದೇ ಆಗಿತ್ತು. ಈಗ ಅಂಥ ಮನೆಗಳಲ್ಲಿ ಅತ್ತೆ, ಮಾವ, ಒಬ್ಬಳು ಸೊಸೆ, ಒಂದು ಮಗು. ಉಳಿದವರೆಲ್ಲ ಬೆಂಗಳೂರಿನಲ್ಲಿ. ಗಂಡ ಹೊತ್ತು ಮೂಡುವ ಮೊದಲೇ ತೋಟಕ್ಕೆ ಹೋಗಿರುತ್ತಾನೆ, ಇಲ್ಲವೇ ಅವನೂ ಬೆಂಗಳೂರಿನಲ್ಲೇ ಇರುತ್ತಾನೆ. ತವರಿನ ಬಾಣಂತನ ಮುಗಿಸಿ ಬಂದ ಹುಡುಗಿಗೆ ಹಗಲೆಲ್ಲ ಮಾತಾಡಲು ಸಿಗುವುದು ಮಗು ಮತ್ತು ಟಿ.ವಿ.

ಮಳೆಗಾಲದ ಕಥೆ ಬೇರೆಯೇ. ಆಗುಂಬೆ, ನಗರ, ಹುಲಿಕಲ್ ಕಡೆಯ ಮಳೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಗು ಅಂಗಳಕ್ಕೂ ಇಳಿಯುವ ಹಾಗಿಲ್ಲ. ಹಳ್ಳ ತುಂಬಿದರೆ ಅಂಗನವಾಡಿಗೂ ಯಾರೂ ಬರುವುದಿಲ್ಲ. ಆಗ ಉಣ್ಣಿಸಲು ಮೊಬೈಲ್, ಮಲಗಿಸಲು ಮೊಬೈಲ್, ಅಳು ನಿಲ್ಲಿಸಲು ಮೊಬೈಲ್. ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಸರಿಯಾದ ಮಾತೇ. ಆದರೆ ಒಬ್ಬಳೇ ಅಡುಗೆ, ಕೊಟ್ಟಿಗೆ, ಬಟ್ಟೆ ಎಲ್ಲ ನೋಡಿಕೊಳ್ಳುವ ಹೆಂಗಸಿಗೆ ಮೊಬೈಲ್ ಕೊಡಬೇಡ ಎಂದರೆ ಅರ್ಧ ಮಾತು ಹೇಳಿದ ಹಾಗಾಯಿತು. ಮೊಬೈಲ್ ಬದಲು ಏನು ಕೊಡಲಿ ಎನ್ನುವುದನ್ನೂ ಹೇಳಬೇಕು, ಅಲ್ವಾ?

ಅದನ್ನು ಹೇಳಿಕೊಟ್ಟರೆ ಪ್ರಯೋಜನ ಇದೆಯಾ ಎಂದು ಹುಡುಕುತ್ತಾ ಹೋದೆ. ಇದೆ. ಎಷ್ಟಿದೆ ಎಂದು ನೋಡಿ ನನಗೇ ಆಶ್ಚರ್ಯವಾಯಿತು.

ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986 ಮತ್ತು 87ರಲ್ಲಿ ಒಂದು ಕೆಲಸ ಶುರುವಾಯಿತು. ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳು. ವಯಸ್ಸು ಒಂಬತ್ತು ತಿಂಗಳಿಂದ ಎರಡು ವರ್ಷ. ಸ್ಯಾಲಿ ಗ್ರಂಥಮ್ ಮ್ಯಾಕ್‌ಗ್ರೆಗರ್ ಮತ್ತು ಅವರ ಜೊತೆಗಾರರು ಆ ಮಕ್ಕಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲಿನ ಪುಡಿ ಕೊಟ್ಟರು. ಇನ್ನೊಂದು ಗುಂಪಿನ ಮನೆಗಳಿಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ ಒಂದು ಗಂಟೆ ತಾಯಿ ಮಗುವಿನ ಜೊತೆ ಕೂತು ಆಟ ಆಡಿಸಿದಳು. ಮೂರನೆಯ ಗುಂಪಿಗೆ ಎರಡೂ ಸಿಕ್ಕಿತು, ನಾಲ್ಕನೆಯದಕ್ಕೆ ಎರಡೂ ಇಲ್ಲ. ಆಟಿಕೆಗಳು ಮನೆಯಲ್ಲೇ ಸಿಗುವ ಸಾಮಾನಿನಿಂದ ಮಾಡಿದವು. ಎರಡು ವರ್ಷ ಇದು ನಡೆಯಿತು. ಸುಮಾರು ಇಪ್ಪತ್ತು ವರ್ಷ ಬಿಟ್ಟು ಅದೇ ಮಕ್ಕಳನ್ನು ಹುಡುಕಿ ಮಾತಾಡಿಸಿದರು. ಚಿಕ್ಕಂದಿನಲ್ಲಿ ತಾಯಿಯ ಜೊತೆ ಆ ಆಟ ಸಿಕ್ಕವರ ದುಡಿಮೆ, ಸಿಗದವರಿಗಿಂತ ಶೇಕಡಾ 25ರಷ್ಟು ಜಾಸ್ತಿ ಇತ್ತು. ಈ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಅದನ್ನು ಬರೆದವರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಕೂಡ ಒಬ್ಬರು. ಬರೀ ಹಾಲಿನ ಪುಡಿ ಸಿಕ್ಕ ಮಕ್ಕಳಿಗೆ ಇಷ್ಟು ದೂರದ ಫಲ ಕಾಣಲಿಲ್ಲ.

ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ ಎಂದು 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆ ಮಕ್ಕಳಿಗೆ ಮೊಟ್ಟೆ, ಹಾಲು ಕೊಡುವುದು ಎಷ್ಟು ಮುಖ್ಯವೋ ಅವರ ಜೊತೆ ಮಾತು, ಆಟವೂ ಅಷ್ಟೇ ಮುಖ್ಯ. ಅದಕ್ಕೇ ಜಮೈಕಾದ ವಿಷಯ ಇಷ್ಟು ಉದ್ದ ಬರೆದೆ.

ಜಮೈಕಾ ದೂರ ಅನಿಸಿದರೆ ಒಡಿಶಾ ನೋಡಿ. ಅಲ್ಲಿನ ಹಳ್ಳಿಗಳಲ್ಲಿ ಇದೇ ಪಾಠವನ್ನು ಎರಡು ರೀತಿ ನಡೆಸಿ ನೋಡಿದರು. ಕೆಲವು ಕಡೆ ಮನೆಮನೆಗೆ ಹೋದರು. ಕೆಲವು ಕಡೆ ತಾಯಂದಿರನ್ನು ಮಕ್ಕಳ ಸಮೇತ ಗುಂಪಾಗಿ ಕೂರಿಸಿದರು. 2020ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡೂ ಕಡೆ ಮಕ್ಕಳ ಮಾತು ಮತ್ತು ಬುದ್ಧಿಯ ಬೆಳವಣಿಗೆ ಸುಧಾರಿಸಿತು. ಗುಂಪಿನ ಸಭೆ ಮನೆಭೇಟಿಗೆ ಸರಿಸಮನಾಗಿ ನಿಂತಿತು, ಖರ್ಚು ಮಾತ್ರ ತುಂಬ ಕಡಿಮೆ ಬಂತು. ನನ್ನ ಕೋರಿಕೆ ಗುಂಪಿನ ಸಭೆಯ ಬಗ್ಗೆ ಇರುವುದಕ್ಕೆ ಇದೇ ಕಾರಣ. ಮಲೆನಾಡಿನಲ್ಲಿ ವಾರವಾರ ಮನೆಮನೆಗೆ ಹೋಗುವಷ್ಟು ಜನ ನಿಮ್ಮ ಹತ್ತಿರ ಇಲ್ಲ ಎಂದು ನನಗೂ ಗೊತ್ತು.

2021ರಲ್ಲಿ 33 ದೇಶಗಳ 102 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಅಧ್ಯಯನ ಬಂತು. ಎಲ್ಲವೂ ಹುಟ್ಟಿನಿಂದ ಮೂರು ವರ್ಷದ ಮಕ್ಕಳ ತಂದೆತಾಯಿಗಳಿಗಾಗಿ ನಡೆಸಿದ ಕಾರ್ಯಕ್ರಮಗಳೇ. ಮಕ್ಕಳ ಬುದ್ಧಿ, ಮಾತು, ಕೈಕಾಲಿನ ಹಿಡಿತ ಮೂರೂ ಸುಧಾರಿಸಿದ್ದವು. ತಂದೆತಾಯಿಗಳ ತಿಳುವಳಿಕೆ, ಮಗುವಿನೊಡನೆ ಅವರ ಒಡನಾಟವೂ ಸುಧಾರಿಸಿದ್ದವು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮಕ್ಕಳಿಗಾದ ಪ್ರಯೋಜನ ಶ್ರೀಮಂತ ದೇಶಗಳಿಗಿಂತ ಜಾಸ್ತಿ. ಮಗು ಏನು ಸೂಚನೆ ಕೊಡುತ್ತಿದೆ ಎಂದು ಗಮನಿಸಿ ಅದಕ್ಕೆ ಸ್ಪಂದಿಸುವುದನ್ನು ಕಲಿಸಿದ ಕಡೆ ಫಲ ಇನ್ನೂ ಹೆಚ್ಚು.

ಅದೇ ಅಧ್ಯಯನ ಹೇಳಿದ ಇನ್ನೊಂದು ವಿಷಯವನ್ನೂ ನಿಮ್ಮ ಮುಂದೆ ಇಡಬೇಕು. ತಾಯಂದಿರ ಖಿನ್ನತೆ ಈ ಕಾರ್ಯಕ್ರಮಗಳಿಂದ ಕಡಿಮೆಯಾಗಲಿಲ್ಲ. ಬೇರೊಂದು ಪ್ರಯೋಗದಲ್ಲಿ, ಕೊಲಂಬಿಯಾ ದೇಶದಲ್ಲಿ, ಹದಿನೆಂಟು ತಿಂಗಳು ಮನೆಭೇಟಿ ಮಾಡಿ ನಿಲ್ಲಿಸಿದರು. ಮುಗಿದಾಗ ಮಕ್ಕಳಲ್ಲಿ ಸುಧಾರಣೆ ಕಂಡಿತ್ತು. ಎರಡು ವರ್ಷ ಬಿಟ್ಟು ನೋಡಿದರೆ ಅದು ಉಳಿದಿರಲಿಲ್ಲ. ಹಾಗಾಗಿ ಮೂರು ತಿಂಗಳ ಅಭಿಯಾನ ಮಾಡಿ ಕೈಬಿಡುವುದಾದರೆ ದಯವಿಟ್ಟು ಶುರು ಮಾಡಬೇಡಿ. ಇದು ಚುಚ್ಚುಮದ್ದಿನ ಹಾಗೆ ಪ್ರತಿ ವರ್ಷ, ಹುಟ್ಟುವ ಪ್ರತಿ ಮಗುವಿಗೂ ಸಿಗುತ್ತಿರಬೇಕಾದ ಸೇವೆ.

ಈಗ ಎಂಥ ಕಾರ್ಯಕ್ರಮ ಬೇಡ ಎಂದು ಹೇಳುತ್ತೇನೆ. ಕೆಲವು ಕಾಲದ ಹಿಂದೆ ಪೇಟೆಯ ಒಂದು ಸಭಾಂಗಣದಲ್ಲಿ ಪೋಷಕರಿಗೆ ಮಾಹಿತಿ ಶಿಬಿರ ನಡೆಯಿತು. ನಾವು ಕೆಲವರು ಬಸ್ಸು ಹಿಡಿದು ಹೋದೆವು. ವೇದಿಕೆ, ದೀಪ, ಹಾರ, ಸ್ವಾಗತ ಎಲ್ಲ ಮುಗಿಯುವ ಹೊತ್ತಿಗೆ ಮಕ್ಕಳು ಅಳಲು ಶುರು ಮಾಡಿದವು. ಮಗುವನ್ನು ಹೊರಗೆ ಕರೆದುಕೊಂಡು ಹೋಗಿ ಎಂದರು. ಯಾರಿಗೆ ಹೇಳಬೇಕೋ ಆ ತಾಯಂದಿರೆಲ್ಲ ಹೊರಗೆ ಜಗಲಿಯಲ್ಲಿ ಮಗು ಸಮಾಧಾನ ಮಾಡುತ್ತಾ ನಿಂತಿದ್ದರು. ಒಳಗೆ ಭಾಷಣ ನಡೆಯಿತು. ಈಗಿನ ತಾಯಂದಿರು ಮೊಬೈಲ್ ಹಿಡಿದು ಕೂರುತ್ತಾರೆ, ಮಕ್ಕಳನ್ನು ಹಾಳು ಮಾಡುತ್ತಿದ್ದಾರೆ ಎಂದು ಭಾಷಣಕಾರರು ಹೇಳಿದ್ದು ಹೊರಗೂ ಕೇಳಿಸಿತು. ಆಮೇಲೆ ಗ್ರೂಪ್ ಫೋಟೋ. ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಗಸರು ಆ ಬೈಗುಳವನ್ನು ಮಾತ್ರ ನೆನಪಿಟ್ಟುಕೊಂಡಿದ್ದರು. ಮೊಬೈಲ್ ಇಲ್ಲದೆ ಉಣ್ಣಿಸುವುದು ಹೇಗೆ ಎಂದು ಒಬ್ಬರಿಗೂ ತಿಳಿದಿರಲಿಲ್ಲ. ಹೀಗೆ ಅವಮಾನ ಮಾಡಿ ಕಳಿಸಿದರೆ ಆ ತಾಯಿ ಮತ್ತೆ ಯಾವ ಸಭೆಗೂ ಬರುವುದಿಲ್ಲ. ಇದರಿಂದ ನಷ್ಟವೇ ಹೆಚ್ಚು.

ಇನ್ನು ಒಳ್ಳೆಯದು ಹೇಗಿರುತ್ತದೆ ಎಂದು ಹೇಳುತ್ತೇನೆ, ಯಾಕೆಂದರೆ ಅದನ್ನೂ ನಾನು ನೋಡಿದ್ದೇನೆ. ನಮ್ಮ ಅಂಗನವಾಡಿ ಟೀಚರ್ ಸ್ವಂತ ಆಸಕ್ತಿಯಿಂದ ಒಂದು ಕ್ರಮ ಶುರು ಮಾಡಿದರು. ಪುಷ್ಟಿ ಪ್ಯಾಕೆಟ್ ಕೊಡುವ ದಿನ, "ಅಕ್ಕಾ, ಒಂದು ಸ್ವಲ್ಪ ಹೊತ್ತು ಕೂತು ಹೋಗಿ" ಎಂದು ಎಲ್ಲರನ್ನೂ ಚಾಪೆ ಮೇಲೆ ಕೂರಿಸಿದರು. ಏಳೆಂಟು ತಾಯಂದಿರು, ಅಷ್ಟೇ ಮಕ್ಕಳು. ಒಬ್ಬೊಬ್ಬ ಮಗುವಿನ ಮುಂದೆ ಒಂದು ಸ್ಟೀಲ್ ಲೋಟ, ಒಂದು ಚಮಚ ಇಟ್ಟರು. "ಈಗ ಯಾರೂ ಏನೂ ಹೇಳಿಕೊಡಬೇಡಿ. ಕೈಯಿಂದ ಕಿತ್ಕೊಳ್ಳಬೇಡಿ. ಮಗು ಏನು ಮಾಡ್ತದೆ ನೋಡಿ" ಅಂದರು.

ಸುಮ್ನೆ ನೋಡುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಒಂದು ಮಗು ಲೋಟ ಬೀಳಿಸಿತು. ತಾಯಿ ಎತ್ತಿ ಕೊಟ್ಟಳು. ಮತ್ತೆ ಬೀಳಿಸಿತು. "ನೋಡಿ ಟೀಚರ್, ಮನೇಲೂ ಹೀಗೇ, ಬರೀ ಚೇಷ್ಟೆ" ಎಂದಳು. ಟೀಚರ್ ನಕ್ಕು, ಬಿಟ್ಟ ವಸ್ತು ಎಲ್ಲಿಗೆ ಹೋಗುತ್ತದೆ, ಎಂಥ ಸದ್ದು ಬರುತ್ತದೆ, ಅಮ್ಮ ಮತ್ತೆ ಕೊಡುತ್ತಾಳಾ ಎಂದು ಮಗು ಪರೀಕ್ಷೆ ಮಾಡುತ್ತಿದೆ ಎಂದರು. ಆಮೇಲೆ ಮಗು ಮಾಡುವುದನ್ನೇ ಬಾಯಲ್ಲಿ ಹೇಳಿಸಿದರು. "ಲೋಟ ಬಿತ್ತು. ಠಣ್ ಅಂತು. ಪುಟ್ಟಿ ಎತ್ತಿಕೊಂಡಳು." ಹೆಂಗಸರು ನಾಚಿಕೊಂಡರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನಾಚಿಕೆ ಹೋಗಿತ್ತು.

ಮುಂದಿನ ಸಲ ಬಂದಾಗ ಮೊದಲ ಪ್ರಶ್ನೆ, ಮನೆಯಲ್ಲಿ ಏನು ಮಾಡಿದಿರಿ ಎಂಬುದು. ಇಡೀ ಕೆಲಸದ ಜೀವ ಈ ಪ್ರಶ್ನೆಯಲ್ಲಿದೆ ಎಂದು ನನಗೆ ಅನಿಸುತ್ತದೆ. ಮಾಡಿದವರು ಹೇಳುತ್ತಾರೆ, ಮಾಡದವರು ಯಾಕೆ ಆಗಲಿಲ್ಲ ಎಂದು ಹೇಳುತ್ತಾರೆ, ಉಳಿದವರು ಉಪಾಯ ಕೊಡುತ್ತಾರೆ. ಕೂಲಿಗೆ ಹೋಗುವ ಮನೆಯ ಒಬ್ಬ ಹುಡುಗಿ ಇದ್ದಳು. ಒಂದೂವರೆ ವರ್ಷದ ಗಂಡುಮಗು. "ಅದಕ್ಕೆ ಎಂಥ ಅರ್ಥ ಆಗ್ತದೆ ಟೀಚರ್, ಮಾತಾಡಕ್ಕೆ?" ಎಂದು ಮೊದಲ ದಿನ ಕೇಳಿದ್ದಳು. ಅವಳಿಗೆ ಬೇರೆ ಸಮಯ ಮಾಡಿಕೋ ಎಂದು ಯಾರೂ ಹೇಳಲಿಲ್ಲ. ಹಾಲು ಕರೆಯುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕರೆಯುವುದನ್ನೇ ಹೇಳು ಎಂದರು, ಅಷ್ಟೇ. ಕೆಲವು ಸಭೆಗಳಾದ ಮೇಲೆ ಅವಳೇ ಉಳಿದವರಿಗೆ ಹೇಳಿಕೊಡುತ್ತಿದ್ದಳು. ಅವಳ ಮಗ ಈಗ ಕರುವನ್ನು ಕಂಡರೆ ಕೈ ತೋರಿಸಿ ಕೂಗುತ್ತಾನೆ. ಅದು ಸಭೆಯಿಂದಲೇ ಬಂತು ಎಂದು ನಾನು ಹೇಳಲಾರೆ, ಆ ವಯಸ್ಸಿಗೆ ಮಾತು ಬರುವುದು ಸಹಜ. ಆದರೆ ತಾಯಿ ಬದಲಾದದ್ದು ಕಣ್ಣಾರೆ ಕಂಡೆ. ಮೊದಲು ಅವಳು ಮಗುವನ್ನು ಕಾಯುತ್ತಿದ್ದಳು. ಈಗ ಅದರ ಜೊತೆ ಇರುತ್ತಾಳೆ.

ಈ ಕ್ರಮ ನಿಂತುಹೋಯಿತು. ಟೀಚರಿಗೆ ಒಂದರ ಹಿಂದೆ ಒಂದು ಸಮೀಕ್ಷೆ, ಮತದಾರರ ಪಟ್ಟಿ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ. ನಮ್ಮ ಕಡೆ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ನಿಂತು ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತುಂಬುವ ಟೀಚರುಗಳಿದ್ದಾರೆ. ಒಬ್ಬರ ಒಳ್ಳೆಯ ಮನಸ್ಸಿನ ಮೇಲೆ ನಿಂತ ಕೆಲಸ ಅವರು ಸುಸ್ತಾದ ದಿನ ನಿಲ್ಲುತ್ತದೆ. ಅದಕ್ಕೇ ಇದು ನಿಮ್ಮ ಆದೇಶದಿಂದ, ನಿಮ್ಮ ಹಣದಿಂದ, ಅವರ ಬೇರೆ ಕೆಲಸ ಇಳಿಸಿ ನಡೆಯಬೇಕು ಎಂದು ಕೇಳುತ್ತಿದ್ದೇನೆ.

ಸಮಯವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. 2018ರಲ್ಲಿ ಕೇಂದ್ರದ ಪೌಷ್ಟಿಕತೆ ಯೋಜನೆಯಾದ ಪೋಷಣ್ ಅಭಿಯಾನ ಬಂದಾಗಿನಿಂದ ತಿಂಗಳಿಗೆ ಎರಡು ಸಮುದಾಯ ಕಾರ್ಯಕ್ರಮ ಅಂಗನವಾಡಿಗಳಲ್ಲಿ ನಡೆಯಬೇಕೆಂದಿದೆ. ಸೀಮಂತ, ಅನ್ನಪ್ರಾಶನ ಮಾಡಿ ಫೋಟೋ ಹಾಕುತ್ತಾರೆ. ಆರತಿ ಎತ್ತಿಸಿಕೊಂಡ ಬಸುರಿಗೆ ಖುಷಿಯಾಗುತ್ತದೆ, ಅದು ಇರಲಿ. ಅದೇ ದಿನ ಆಮೇಲೆ ಮುಕ್ಕಾಲು ಗಂಟೆ ಚಾಪೆ ಹಾಸಿ ಕೂರಿಸಿ. ಪಾಠವನ್ನೂ ಹೊಸದಾಗಿ ಬರೆಯಬೇಕಾಗಿಲ್ಲ. ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗಾಗಿಯೇ ಕೇಂದ್ರ ಸರ್ಕಾರ 2024ರಲ್ಲಿ 'ನವಚೇತನ' ಎಂಬ ಚೌಕಟ್ಟು ತಂದಿದೆ. 36 ತಿಂಗಳಿಗೆ ತಿಂಗಳುವಾರು ಪಟ್ಟಿ, ಅದರಲ್ಲಿ 140 ಚಟುವಟಿಕೆ. ಅದು ಚಿತ್ರಗಳ ಸಮೇತ ಸರಳ ಕನ್ನಡದಲ್ಲಿ ಒಂದೊಂದು ಮನೆಗೂ ಸಿಗಬೇಕು.

ಸಿಗುವಾಗ ಅದು ಮಲೆನಾಡಿಗೆ ಹೊಂದಿಕೊಂಡಿರಲಿ. ಈ ಬಗ್ಗೆ ನನಗೆ ಹೇಳಲು ತುಂಬ ಇದೆ.

ನಮ್ಮ ಮಕ್ಕಳಿಗೆ ಆಟಿಕೆ ಕೊಂಡು ತರಬೇಕಾಗಿಲ್ಲ. ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆದರೆ ಅದೇ ಗಾಡಿ. ಕರಟ, ಬಿದಿರಿನ ತುಂಡು, ಹಳೆ ಸೀರೆಯ ಗೊಂಬೆ, ಮುಚ್ಚಳ ಹಾಕಿ ತೆಗೆಯುವ ಡಬ್ಬಿ, ಸಾಕು. ಆದರೆ ಅಡಿಕೆ ಸುಲಿಯುವ ಕಾಲದಲ್ಲಿ ಮಗು ಕೂರುವುದು ಮೆಟ್ಟುಗತ್ತಿಗಳ ನಡುವೆ. ಒಂದು ಅಡಿಕೆ, ಒಂದು ಗೇರುಬೀಜ ಗಂಟಲಿಗೆ ಸಿಕ್ಕರೆ ಉಸಿರು ನಿಲ್ಲುತ್ತದೆ. ಸಿಕ್ಕಿದಾಗ ಮಗುವನ್ನು ಹೇಗೆ ಬಗ್ಗಿಸಿ ಬೆನ್ನಿಗೆ ತಟ್ಟಬೇಕು ಎಂದು ಎಷ್ಟು ತಂದೆತಾಯಿಗೆ ಗೊತ್ತು? ಮಳೆಗಾಲಕ್ಕೆ ಮೊದಲು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದಿಂದ ಮಾಡಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಮೈಲುತುತ್ತದ ನೀಲಿ ಹರಳು ಮಗುವಿನ ಕಣ್ಣಿಗೆ ಕಲ್ಲುಸಕ್ಕರೆಯ ಥರ ಕಾಣುತ್ತದೆ. ಕಳೆನಾಶಕವನ್ನು ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಮನೆ ಹಿಂದೆ ಕಟ್ಟೆ ಇಲ್ಲದ ಬಾವಿ, ತೋಟದಲ್ಲಿ ನೀರಿನ ಹೊಂಡ. ದೆಹಲಿಯಲ್ಲಿ ಬರೆದ ಪಾಠದಲ್ಲಿ ಇವು ಇರುವುದಿಲ್ಲ. ನೀವು ಸೇರಿಸಬೇಕು.

ಅಜ್ಜಿಯರನ್ನು ಕರೆಯದೆ ಈ ಕೆಲಸ ಆಗುವುದಿಲ್ಲ. ಮಗುವಿಗೆ ಏನು ತಿನ್ನಿಸಬೇಕು ಎಂದು ತೀರ್ಮಾನ ಮಾಡುವವರು ಅವರು. ಅವರಿಗೆ ಗೊತ್ತಿರುವುದರಲ್ಲಿ ಚಿನ್ನದಂಥ ವಿಷಯಗಳಿವೆ. ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ನೀರು ಹಾಕುವಾಗ ಅಜ್ಜಿ ಕೂಸಿನ ಜೊತೆ ಎಡೆಬಿಡದೆ ಮಾತಾಡುತ್ತಾಳೆ. ಒಂದೊಂದು ಬೆರಳಿಗೂ ಹೆಸರು ಕರೆಯುತ್ತಾಳೆ, ಪದ ಹೇಳುತ್ತಾಳೆ. ತಜ್ಞರು ಮಾಡಿ ಎನ್ನುವುದನ್ನೇ ಅವಳು ಮಾಡುತ್ತಿದ್ದಾಳೆ. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು ಬೇಡ, ಆರು ತಿಂಗಳ ತನಕ ತಾಯಿಹಾಲು ಬಿಟ್ಟು ಬೇರೇನೂ ಬೇಡ ಎಂದು ಹೇಳಬೇಕಾದರೆ ಮೊದಲು ಅವಳ ಒಳ್ಳೆಯದನ್ನು ಗುರುತಿಸಿ ಹೇಳಬೇಕು. ಆಗ ಕೇಳುತ್ತಾಳೆ. ಸೊಸೆಗೆ ಮಾತ್ರ ಪಾಠ ಮಾಡಿ ಕಳಿಸಿದರೆ ಮನೆಯಲ್ಲಿ ಜಗಳ ಹುಟ್ಟುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ.

ಅಪ್ಪಂದಿರ ವಿಷಯಕ್ಕೆ ಬಂದರೆ, ದಯವಿಟ್ಟು 'ತಾಯಂದಿರ ಸಭೆ' ಎಂಬ ಹೆಸರು ತೆಗೆಯಿರಿ. ಆ ಹೆಸರು ಕೇಳಿದ ಕೂಡಲೇ ಗಂಡಸರು ಬಾಗಿಲಲ್ಲೇ ನಿಲ್ಲುತ್ತಾರೆ. ಬೈಕಿನಲ್ಲಿ ತಂದು ಬಿಟ್ಟು ಹೊರಗೆ ಕಾಯುವ ಅಪ್ಪನನ್ನು ಒಳಗೆ ಕರೆದು ಮಗುವನ್ನು ಅವನ ತೊಡೆ ಮೇಲೆ ಕೂರಿಸಿ. ಭಾನುವಾರ ಮಧ್ಯಾಹ್ನ ಇಟ್ಟರೆ ಬರುತ್ತಾರೆ. ಮಕ್ಕಳಿಗೆ ಹೊಡೆಯುವ ಮಾತೂ ಅಲ್ಲಿ ಬರಬೇಕು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ತಡೆದಿದೆ. ಮನೆಯಲ್ಲಿ ಕಾಯ್ದೆಯಿಂದ ಏನೂ ಆಗುವುದಿಲ್ಲ, ಬೇರೆ ದಾರಿ ತೋರಿಸಬೇಕು. ಹೊಡೆತ, ಬೈಗುಳ ಕಡಿಮೆ ಮಾಡಲು ಇಂಥ ಪೋಷಕರ ಕಾರ್ಯಕ್ರಮಗಳು ನೆರವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಮಾರ್ಗಸೂಚಿ ಕೊಟ್ಟಿದೆ.

ಭಾಷೆಯ ಬಗ್ಗೆಯೂ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಕನ್ನಡದ ಜೊತೆ ಹವ್ಯಕ ಮಾತು, ಕೊಂಕಣಿ, ತುಳು, ಉರ್ದು, ಲಂಬಾಣಿ, ತಮಿಳು ಎಲ್ಲ ಇವೆ. ಒಂದೂವರೆ ವರ್ಷದ ಮಗುವಿನ ಜೊತೆ ಕಷ್ಟಪಟ್ಟು ನಾಲ್ಕು ಇಂಗ್ಲಿಷ್ ಪದ ಹೇಳಿ ಸುಮ್ಮನಾಗುವ ತಾಯಂದಿರನ್ನು ಕಂಡಿದ್ದೇನೆ. ಆ ಮಗು ಕೇಳಬೇಕಾದ ಸಾವಿರ ಮಾತು ತಪ್ಪಿಹೋಗುತ್ತದೆ. ನಿಮಗೆ ಯಾವ ಮಾತು ಸಲೀಸಾಗಿ ಬರುತ್ತದೋ ಅದರಲ್ಲೇ ಆಡಿ ಎಂದು ಸರ್ಕಾರದ ಕಡೆಯವರು ಹೇಳಿದರೆ ಅವರಿಗೆ ಧೈರ್ಯ ಬರುತ್ತದೆ.

ಬೆಳವಣಿಗೆ ತಡವಾದ ಮಕ್ಕಳನ್ನು ಬೇಗ ಗುರುತಿಸಲೂ ಇದೇ ದಾರಿ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕು ಎಂದು ಚಿತ್ರ ಸಮೇತ ಇದೆ. ಆ ಪುಟವನ್ನು ತೆರೆದು ನೋಡುವವರು ಕಡಿಮೆ. "ಅವನ ಅಪ್ಪನೂ ಲೇಟಾಗೇ ಮಾತಾಡಿದ್ದು" ಎಂದು ಕಾದು ಕೂತು, ಕಿವಿ ಕೇಳದ ಮಗುವಿನ ಅಮೂಲ್ಯ ವರ್ಷಗಳು ಹೋಗುವುದು ಬೇಡ. ಸಭೆಯಲ್ಲಿ ಆ ಕಾರ್ಡು ತೆರೆದು ಒಟ್ಟಿಗೆ ನೋಡಿದರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕಾದ ಮಗು ಎರಡು ವರ್ಷ ಮೊದಲೇ ಹೋಗುತ್ತದೆ.

ತಾಯಿಯ ಮನಸ್ಸಿನ ವಿಷಯ ಮೇಲೆ ಹೇಳಿದೆ. ನಮ್ಮ ದೇಶದಲ್ಲಿ ಹೆರಿಗೆಯ ನಂತರ ನೂರಕ್ಕೆ ಸುಮಾರು 22 ತಾಯಂದಿರಿಗೆ ಖಿನ್ನತೆ ಇರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದ್ದಾರೆ. ಅಂಥವಳಿಗೆ ಮಗುವಿನ ಜೊತೆ ಆಡು ಎಂದರೆ ಅವಳಿಂದ ಆಗದು. ನಮ್ಮ ಕಡೆ ಅದನ್ನು ಬಾಣಂತಿ ಸನ್ನಿ ಎನ್ನುತ್ತಾರೆ, ಇಲ್ಲವೇ ಸೋಮಾರಿತನ ಎನ್ನುತ್ತಾರೆ. ಸಭೆ ನಡೆಸುವವರಿಗೆ ಇದನ್ನು ಗುರುತಿಸಲು ಬರಬೇಕು. ಯಾರ ಹತ್ತಿರ ಕಳಿಸಬೇಕು ಎಂದು ತಿಳಿದಿರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಅಂಗನವಾಡಿಯ ಗೋಡೆಯ ಮೇಲೆ ಇರಬೇಕು. ಹೆಚ್ಚು ಬೇಕಾದವರಿಗೆ ಡಾಕ್ಟರ್ ಸಿಗಬೇಕು.

ಮಳೆಗಾಲದಲ್ಲಿ ಏನು ಮಾಡುವುದು? ಮಂಗನ ಕಾಯಿಲೆಯ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಕಾಡಂಚಿನ ಮನೆಗಳಿಗೂ ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ತಲುಪಿಸುತ್ತಾರೆ. ಅದೇ ಆಶಾ ಮಗುವಿನ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಿಗೆ ಮನೆಗೆ ಬರಬೇಕೆಂದು 2018ರಿಂದಲೇ ನಿಯಮವಿದೆ. ಆ ಭೇಟಿಯಲ್ಲಿ ಹತ್ತು ನಿಮಿಷ ಆಟಕ್ಕೆ ಕೊಡಲಿ. ಕಾಲುಸಂಕ ದಾಟಲಾಗದ ಕೇರಿಗಳಲ್ಲಿ ಯಾರದಾದರೂ ಮನೆಯ ಜಗಲಿಯಲ್ಲೇ ಸಭೆ ನಡೆಸಲು ಅನುಮತಿ ಕೊಡಿ. ನೆಟ್‌ವರ್ಕ್ ಇಲ್ಲದ ಮನೆಗಳಲ್ಲೂ ಭದ್ರಾವತಿ ಆಕಾಶವಾಣಿ ಕೇಳುತ್ತದೆ. ವಾರಕ್ಕೊಂದು ಕಾಲು ಗಂಟೆ ಅಲ್ಲಿ ಕೇಳಿ ಪಡೆಯಿರಿ. ನಮ್ಮದೇ ತಾಯಂದಿರು, ಅಜ್ಜಿಯರು ಅದರಲ್ಲಿ ಮಾತಾಡಲಿ.

ಗ್ರಾಮ ಪಂಚಾಯಿತಿಗಳ ಕೂಸಿನ ಮನೆಗಳನ್ನೂ ಸೇರಿಸಿಕೊಳ್ಳಿ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳು ಇರುವುದು ಅಲ್ಲಿ. ಸುಗ್ಗಿಗೆ ಹೊರಗಿನಿಂದ ಬಂದ ಕೂಲಿ ಕುಟುಂಬಗಳ ಮಕ್ಕಳು ಎಷ್ಟೋ ಸಲ ಯಾವ ಪಟ್ಟಿಗೂ ಸೇರುವುದಿಲ್ಲ, ಅವರನ್ನೂ ಕರೆಯಿರಿ.

ಇಡೀ ಜಿಲ್ಲೆಗೆ ಒಮ್ಮೆಲೇ ಆಗುವುದಿಲ್ಲ ಎಂದರೆ ಒಪ್ಪುತ್ತೇನೆ. ಹೊಸನಗರ ಅಥವಾ ತೀರ್ಥಹಳ್ಳಿ ತಾಲ್ಲೂಕಿನಿಂದ ಶುರು ಮಾಡಿ. ಟೀಚರುಗಳಿಗೆ ತರಬೇತಿಯನ್ನೂ ಮಾಡಿಸಿಯೇ ಕೊಡಿ, ನಿಜವಾದ ತಾಯಿ ಮಕ್ಕಳನ್ನು ಎದುರಿಗೆ ಕೂರಿಸಿ. ಮೇಲ್ವಿಚಾರಕಿಯರು ಬಂದಾಗ ರಿಜಿಸ್ಟರ್ ನೋಡುವ ಬದಲು ಚಾಪೆಯ ಮೇಲೆ ಕೂತು ಸಭೆ ನೋಡಲಿ, ಟೀಚರಿಗೆ ಎಲ್ಲಿ ಸಹಾಯ ಬೇಕು ಎಂದು ಕೇಳಲಿ. ಈ ಕೆಲಸಕ್ಕೆ ಟೀಚರಿಗೂ ಸಹಾಯಕಿಗೂ ಪ್ರತ್ಯೇಕ ಗೌರವಧನ ಇರಲಿ. ಶುರುವಿನಲ್ಲೂ ಎರಡು ವರ್ಷದ ನಂತರವೂ ಮಕ್ಕಳ ಮಾತು, ಆಟ ಹೇಗಿದೆ ಎಂದು ಹೊರಗಿನವರಿಂದ ಅಳೆಸಿ, ಬಂದ ಫಲಿತಾಂಶವನ್ನು ಮುಚ್ಚಿಡದೆ ಗ್ರಾಮಸಭೆಗಳಲ್ಲಿ ಓದಿ. ಎಷ್ಟು ಸಭೆ ಆಯಿತು, ಎಷ್ಟು ಫೋಟೋ ಬಂತು ಎಂಬ ಲೆಕ್ಕದಿಂದ ಮಗುವಿಗೆ ಏನಾಯಿತು ಎಂದು ತಿಳಿಯುವುದಿಲ್ಲ.

ನಮ್ಮ ಕಡೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಜೋರಾಗುವುದು ನವೆಂಬರಿನಲ್ಲಿ. ಆಮೇಲೆ ಎರಡು ಮೂರು ತಿಂಗಳು ಯಾವ ಮನೆಯಲ್ಲೂ ಯಾರಿಗೂ ಪುರುಸೊತ್ತು ಇರುವುದಿಲ್ಲ. ಅದಕ್ಕಿಂತ ಮೊದಲು, ಅಕ್ಟೋಬರಿನಲ್ಲಿ, ಟೀಚರುಗಳ ತರಬೇತಿ ಮತ್ತು ಮೊದಲ ಎರಡು ಸಭೆಗಳು ಮುಗಿಯುವ ಹಾಗೆ ಆದೇಶ ಹೊರಡಿಸಿ ಎಂದು ವಿನಂತಿ. ಸುಗ್ಗಿಯ ತಿಂಗಳುಗಳಲ್ಲಿ ಸಭೆಯನ್ನು ಸಂಜೆ, ಸುಲಿಯುವ ಚಪ್ಪರದ ಪಕ್ಕದಲ್ಲೇ ಇಟ್ಟುಕೊಳ್ಳಲು ನಾವು ತಯಾರಿದ್ದೇವೆ. ಚಾಪೆ, ಚಹಾ, ಆಟದ ಸಾಮಾನು ನಮ್ಮ ಸಮಿತಿಯ ಜವಾಬ್ದಾರಿ. ನಿಮ್ಮ ಉತ್ತರ ಬಂದ ಕೂಡಲೇ ನಮ್ಮೂರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳಿರುವ ಎಲ್ಲ ಮನೆಗಳ ಪಟ್ಟಿ ಮಾಡಿ ಕಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಧ್ಯಕ್ಷೆ, ಅಂಗನವಾಡಿ ಬಾಲವಿಕಾಸ ಸಮಿತಿ
ತೀರ್ಥಹಳ್ಳಿ ತಾಲ್ಲೂಕು